ಎರಡೂ ತುದಿಗೆ ಕಾಣುವ ಜಾಗ

ಪೆಟ್ಟಿಗೆ ಮೇಲೆ ಬರುವಾಗ ಖಾಲಿಯೇ ಇತ್ತು. ಆದರೂ ಮೂರನೇ ಮಹಡಿ ದಾಟಿದ ಮೇಲಿನ ತಿರುವಿನಲ್ಲಿ ಸಿಕ್ಕಿಕೊಂಡು, ಹಿಂದಕ್ಕೂ ಬಾರದೆ ಮುಂದಕ್ಕೂ ಹೋಗದೆ ಹಟ ಹಿಡಿದು ನಿಂತಿತು.

"ಎಡಕ್ಕೆ, ಎಡಕ್ಕೆ! ನಿಮ್ಮೆಡಕ್ಕಲ್ರೀ, ನನ್ನೆಡಕ್ಕೆ!" ಎಂದು ಅಣ್ಣ ಮೇಲಿನ ಮೆಟ್ಟಿಲಿಂದ ಕೂಗುತ್ತಿದ್ದ. ಪೆಟ್ಟಿಗೆ ಅಂಗಡಿಯ ಇಬ್ಬರು ಆಳುಗಳಿಗೆ ಇದು ದಿನಬೆಳಗಾದರೆ ಇದ್ದದ್ದೇ. ಅವನ ಎಡವನ್ನೂ ಬಲವನ್ನೂ ಕಿವಿಗೆ ಹಾಕಿಕೊಳ್ಳದೆ, ಬೀರು ನಿಲ್ಲಿಸುವ ಹಾಗೆ ಪೆಟ್ಟಿಗೆಯನ್ನು ತುದಿಯ ಮೇಲೆ ನಿಲ್ಲಿಸಿ, ಗೋಡೆಯ ಸುಣ್ಣ ಒಂದಿಷ್ಟು ಕೆರೆದು, ತಿರುಗಿಸಿ ಮೇಲೆ ತಂದುಬಿಟ್ಟರು.

"ಖಾಲಿ ಇದ್ದಾಗ ನಿಲ್ಲಿಸ್ಕೊಂಡು ಬಂದ್ರಿ, ಸಂತೋಷ," ಎಂದಳು ಬಾಗಿಲಲ್ಲಿ ನಿಂತಿದ್ದ ಸೋದರತ್ತೆ. "ಇಳಿಸುವಾಗ ನನ್ನ ತಮ್ಮನನ್ನೂ ಹೀಗೇ ನಿಲ್ಲಿಸ್ಕೊಂಡು ಹೋಗ್ತೀರೇನು?"

ಆಳುಗಳು ಮುಖ ಮುಖ ನೋಡಿಕೊಂಡರು. "ಅದು ಮನೆಯವರು ನೋಡ್ಕೋಬೇಕಮ್ಮ. ನಮ್ಮದು ತಂದುಕೊಡೋದಷ್ಟೆ," ಎಂದು ದೊಡ್ಡವನು ಹೇಳಿ ಬೆವರು ಒರೆಸಿಕೊಂಡ.

ಬಂದರಿನ ಕೆಲಸಗಾರರಿಗೆಂದು ಕಟ್ಟಿಸಿದ ಐದು ಮಹಡಿಯ ಕಟ್ಟಡ ಅದು. ಇವರ ಮನೆ ನಾಲ್ಕನೆಯದರಲ್ಲಿ. ಲಿಫ್ಟು ಅಂತ ಒಂದಿತ್ತು; ಅದು ನಿಂತು ಎಷ್ಟು ಕಾಲವಾಗಿತ್ತೆಂದರೆ ಅದರೊಳಗೆ ಕೆಳಮನೆಯವರು ಎರಡು ಸೈಕಲ್ಲು, ಒಂದು ಮುರಿದ ತೊಟ್ಟಿಲು ಇಟ್ಟು ಬೀಗ ಹಾಕಿಕೊಂಡಿದ್ದರು. ಕಟ್ಟಿದವನು ಯಾರೋ ಪುಣ್ಯಾತ್ಮ, ಮನುಷ್ಯರು ಇಲ್ಲಿ ನಡೆದು ಹತ್ತುತ್ತಾರೆ, ನಡೆದೇ ಇಳಿಯುತ್ತಾರೆ ಎಂದಷ್ಟೇ ಯೋಚಿಸಿದ್ದ. ಮಲಗಿಕೊಂಡು ಇಳಿಯುವ ದಿನವೂ ಒಂದು ಬರುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಸತ್ತವನ ಇಬ್ಬರು ಮಕ್ಕಳಲ್ಲಿ ಕಿರಿಯವಳು ಅಡುಗೆಮನೆಯ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡುತ್ತಿದ್ದಳು. ಅಳು ಬೆಳಗಿನಿಂದ ಬಂದು ಬಂದು, ಈಗ ಬತ್ತಿ ಕೂತಿತ್ತು. ಒಳಕೋಣೆಯಿಂದ ಅಮ್ಮ ಹಳೇ ಟವೆಲ್ಲಿನ ಗಂಟೊಂದನ್ನು ಹಿಡಿದು ಬಂದು ಅವಳ ಮುಂದೆ ಬಿಚ್ಚಿದಳು. ಒಳಗೆ ಒಂದು ಕೆಂಪು ಗ್ಲೌಸು, ಬಲಗೈಯದು. ಅಂಗೈಯಲ್ಲಿ ಸವೆದು ಬಣ್ಣ ಕಂದಾಗಿತ್ತು, ಹೆಬ್ಬೆರಳಿನ ಹೊಲಿಗೆ ಬಿಟ್ಟಿತ್ತು.

"ಇದನ್ನ ನಿಮ್ಮಪ್ಪನ ಜೊತೆ ಇಡೋಣ್ವಾ, ಬೇಡ್ವಾ? ನೀನು ಹೇಳು ಚಿನಕುರುಳಿ."

ಕಿರಿಯವಳು ಬಾಗಿಲಿನಿಂದ ಬೆನ್ನು ಬಿಡಿಸಿ ನೆಟ್ಟಗೆ ನಿಂತಳು. ಆ ಗ್ಲೌಸನ್ನು ಅವಳು ನೋಡಿ ಮೂವತ್ತು ವರ್ಷವಾಗಿತ್ತು. ಅದು ಇನ್ನೂ ಮನೆಯಲ್ಲಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

"ಅಣ್ಣನ್ನ ಕೇಳಮ್ಮ," ಎಂದಳು.

ಚಿನಕುರುಳಿ ಎಂಬ ಹೆಸರು ಅವಳಿಗೆ ಈಗ ಹೊಂದುತ್ತಿರಲಿಲ್ಲ. ಪಟಪಟ ಅನ್ನುತ್ತಿದ್ದ ಕಾಲಕ್ಕೆ ಇಟ್ಟ ಹೆಸರು, ಹಾಗೇ ಉಳಿದುಕೊಂಡಿತ್ತು. ಆಸ್ಪತ್ರೆಯೊಂದರ ದಾಖಲೆ ವಿಭಾಗದಲ್ಲಿ ಹದಿನೆಂಟು ವರ್ಷದಿಂದ ಸಹಾಯಕಿ. ವಿಭಾಗದ ಮುಖ್ಯಸ್ಥೆಯಾಗು ಎಂದು ಎರಡು ಸಲ ಕರೆದರು, ಎರಡು ಸಲವೂ ಮೈಗೆ ಹುಷಾರಿಲ್ಲವೆಂದು ತಪ್ಪಿಸಿಕೊಂಡಳು. ಏನು ಕೇಳಿದರೂ ಉತ್ತರ ಒಂದೇ: ಅವರನ್ನ ಕೇಳಿ. ಅವರು ಎಂದರೆ ಮನೆಯಲ್ಲಿ ಗಂಡ, ಇಲ್ಲಿ ಅಣ್ಣ, ಕೆಲಸದಲ್ಲಿ ಯಾರು ಸಿಕ್ಕಿದರೆ ಅವರು. ಹೋದ ವರ್ಷ ಹತ್ತು ವರ್ಷದ ಮಗಳನ್ನು ಕ್ಲಾಸ್ ಲೀಡರ್ ಮಾಡುತ್ತೇವೆಂದು ಶಾಲೆಯವರು ಹೇಳಿ ಕಳಿಸಿದಾಗ, ಇವಳೇ ಹೋಗಿ, "ದಯವಿಟ್ಟು ಬೇಡ, ಅವಳಿಗೆ ಅದೆಲ್ಲ ಆಗಲ್ಲ," ಎಂದು ಹೇಳಿ ಬಂದಿದ್ದಳು. ಸುದ್ದಿ ಕೇಳಿದ ಅಪ್ಪ ಎದ್ದು ಬಾಲ್ಕನಿಗೆ ಹೋಗಿ ನಿಂತುಬಿಟ್ಟಿದ್ದ. ಊಟಕ್ಕೆ ಕರೆದರೂ ಬರಲಿಲ್ಲ. ಮೊಮ್ಮಗಳೂ ಅವಳಮ್ಮನ ಹಾಗೇ ಕೈಲಾಗದವಳು ಎಂದು ಅಪ್ಪ ನೊಂದುಕೊಂಡಿರಬೇಕು ಅಂತ ಅವಳು ಅಂದುಕೊಂಡಿದ್ದಳು.

*

ಅಪ್ಪ ಬಂದರಿನಲ್ಲಿ ಸಿಗ್ನಲ್‌ಮ್ಯಾನ್. ಹಡಗಿನಿಂದ ಸರಕು ಎತ್ತುವ ಕ್ರೇನಿನ ಡ್ರೈವರು ಆಕಾಶದಲ್ಲೆಲ್ಲೋ ಒಂದು ಗಾಜಿನ ಗೂಡಿನೊಳಗೆ ಕೂತಿರುತ್ತಾನೆ. ಕೆಳಗಿನ ಭಾರ ಅವನಿಗೆ ಸರಿಯಾಗಿ ಕಾಣದು, ಕೂಗಿದರೆ ಕೇಳದು. ಕಾಣುವುದು ಕೆಂಪು ಗ್ಲೌಸು ತೊಟ್ಟ ಒಂದೇ ಒಂದು ಕೈ. ತೋರುಬೆರಳು ಮೇಲೆ ಮಾಡಿ ಸುತ್ತಿಸಿದರೆ ಎತ್ತಬೇಕು, ಕೆಳಗೆ ಮಾಡಿ ಸುತ್ತಿಸಿದರೆ ಇಳಿಸಬೇಕು. ಸುತ್ತುವ ಕೈಯ ಮೇಲೆ ಇನ್ನೊಂದು ಅಂಗೈ ಹಿಡಿದರೆ ನಿಧಾನ. ಒಂದೇ ತೋಳು ಚಾಚಿ ಪಕ್ಕಕ್ಕೆ ತಂದರೆ ಭಾರವನ್ನು ಆ ಕಡೆಗೆ ತಿರುಗಿಸಬೇಕು. ಎರಡೂ ಕೈ ಅಗಲಕ್ಕೆ ಚಾಚಿದರೆ ಉಸಿರು ಬಿಡದೆ ನಿಲ್ಲಬೇಕು. ಹೊಟ್ಟೆಯ ಮುಂದೆ ಎರಡು ಕೈ ಬೆಸೆದು ಹಿಡಿದರೆ ಕೆಲಸ ಮುಗಿಯಿತು, ಇನ್ನು ಕೈ ಬಿಡಬಹುದು ಎಂದು. ಬಂದರಿನಲ್ಲಿ ಎಲ್ಲರೂ ಅವನನ್ನು ಸನ್ನೆ ಮೇಷ್ಟ್ರು ಎನ್ನುತ್ತಿದ್ದರು.

ಇವಳಿಗೆ ಒಂಬತ್ತು, ಅಣ್ಣನಿಗೆ ಹನ್ನೆರಡು ಇದ್ದಾಗ ಅಪ್ಪ ಒಂದು ಹಳೇ ಗ್ಲೌಸನ್ನು ಮನೆಗೆ ತಂದು ಅಡುಗೆಮನೆಯ ಮೊಳೆಗೆ ನೇತುಹಾಕಿದ. "ಇನ್ನು ಮೇಲೆ ಯಾರ ಕೈಯಲ್ಲಿ ಇದೋ ಒಂದು ವಾರ ಮನೆ ಅವರ ಕೈಯಲ್ಲಿ. ಏನು ಅಡುಗೆ, ಯಾರು ಕಸ ಗುಡಿಸ್ಬೇಕು, ಎಷ್ಟೊತ್ತಿಗೆ ದೀಪ ಆರಿಸ್ಬೇಕು, ರಜಾ ದಿನ ಎಲ್ಲಿಗೆ ಹೋಗ್ಬೇಕು, ಎಲ್ಲ ಅವರದ್ದೇ ಮಾತು."

"ನಾನು ಹೇಳಿದ್ರೆ ನೀನೂ ಕೇಳ್ತೀಯಾ ಅಪ್ಪ?" ಎಂದು ಇವಳು ಕಣ್ಣರಳಿಸಿದ್ದಳು.

"ಕೇಳದೆ? ಅಷ್ಟು ದೊಡ್ಡ ಕ್ರೇನು ನನ್ನ ಮಾತು ಕೇಳಲ್ವಾ?"

"ನಾನು ತಪ್ಪು ಮಾಡಿದ್ರೆ?"

"ತಪ್ಪಾಗ್ತಿದೆ ಅಂತ ಕಂಡೋರು ಎರಡು ಕೈ ಚಾಚಿ ನಿಲ್ಲಿಸ್ಬಹುದು. ಎತ್ತು ಅನ್ನೋಕೆ ಒಬ್ಬನೇ, ನಿಲ್ಲು ಅನ್ನೋಕೆ ಯಾರು ಬೇಕಾದ್ರೂ. ಕಸ ಗುಡಿಸೋನು ಕೈ ಚಾಚಿದ್ರೂ ನಾನು ನಿಲ್ಲಿಸ್ತೀನಮ್ಮ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಈಗಲೇ ಕಲೀರಿ."

ತನ್ನ ಮೊದಲನೇ ವಾರ ಇವಳು ಮಾರುಕಟ್ಟೆಯಿಂದ ಏಳು ದಿನಕ್ಕೂ ಆಲೂಗಡ್ಡೆಯನ್ನೇ ತರಿಸಿದಳು. ಅವಳಿಗೆ ಅದು ಇಷ್ಟ, ಇಷ್ಟವಾದದ್ದನ್ನು ತಿನ್ನದೆ ಇನ್ನೇನು ತಿನ್ನಬೇಕು ಎಂಬುದು ಅವಳ ನ್ಯಾಯ. ಅಪ್ಪ ಬಡಿಸಿದ್ದನ್ನು ಬಡಿಸಿದ ಹಾಗೆ ತಿಂದ. ಅಣ್ಣ ಗೊಣಗಿದರೆ, "ಅವಳ ವಾರ, ಅವಳ ಆಲೂಗಡ್ಡೆ," ಎಂದು ಇನ್ನೊಂದು ತುತ್ತು ನುಂಗಿದ. ಐದನೇ ದಿನ ಅಮ್ಮ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಮುಚ್ಚಳ ಹಿಡಿದು ಅಡುಗೆಮನೆಯ ನಡುವೆ ಎರಡೂ ಕೈ ಚಾಚಿ ನಿಂತುಬಿಟ್ಟಳು. ಅಪ್ಪ ಗಂಭೀರವಾಗಿ ಇವಳ ಕಡೆ ತಿರುಗಿ, "ಯಜಮಾನ್ರೇ, ಕೆಲಸ ನಿಂತಿದೆ. ಈಗೇನು ಅಪ್ಪಣೆ?" ಎಂದ. ಇವಳು ತುಂಬಾ ಹೊತ್ತು ಯೋಚಿಸಿ, "ನಾಳೆ ಅಮ್ಮ ಹೇಳಿದ್ದು," ಎಂದಳು. ಅಪ್ಪ ಆವತ್ತು ನಕ್ಕ ನಗು ಕೆಳಮನೆಯವರಿಗೂ ಕೇಳಿತ್ತು.

ಸನ್ನೆ ಕಲಿಸಿದ್ದು ಬಾಲ್ಕನಿಯ ಬುಟ್ಟಿಯಲ್ಲಿ. ಮೇಲೆ ಹಗ್ಗ ಹಿಡಿದು ಅಣ್ಣ, ಕೆಳಗೆ ಬೀದಿಯಲ್ಲಿ ಬುಟ್ಟಿಗೆ ಸಾಮಾನು ತುಂಬುವ ಅಪ್ಪ, ನಡುವೆ ಇವಳು. ಮೊದಲ ದಿನ ಇವಳು ಗಂಟಲು ಹರಿಯುವ ಹಾಗೆ ಕೂಗಿದಳು.

"ಕೂಗಬೇಡ," ಎಂದ ಅಪ್ಪ. "ಕೂಗಿದ್ದು ಗಾಳಿಪಾಲು. ಹಗ್ಗ ಹಿಡಿದೋನಿಗೂ ನೀನು ಕಾಣಬೇಕು, ಬುಟ್ಟಿ ಹಿಡಿಯೋನಿಗೂ ಕಾಣಬೇಕು. ಎರಡೂ ತುದಿಗೆ ಕಾಣೋ ಜಾಗ ಹುಡುಕಿ ನಿಲ್ಲು. ಆಮೇಲೆ ಕೈ ಎತ್ತು."

ಇವಳು ಮೆಟ್ಟಿಲ ಕಿಟಕಿ, ಎದುರು ಜಗುಲಿ, ನೀರಿನ ತೊಟ್ಟಿಯ ಕಟ್ಟೆ ಎಲ್ಲ ಸುತ್ತಿ, ಕೊನೆಗೆ ಕಟ್ಟೆಯ ಮೇಲೆ ಹತ್ತಿ ನಿಂತಳು. ಬುಟ್ಟಿ ಅರ್ಧ ದಾರಿಗೆ ಬಂದಾಗ ಪಕ್ಕದ ಮನೆಯ ಪುಟ್ಟ ಮಗುವೊಂದು ತಪ್ಪುಹೆಜ್ಜೆ ಹಾಕುತ್ತ ಅದರ ಕೆಳಗೆ ಬಂತು. ಅಪ್ಪ ಛಕ್ಕನೆ ಎರಡು ಕೈ ಚಾಚಿದ. ಮಗು ದಾಟಿ ಹೋಗುವ ತನಕ ಬುಟ್ಟಿ ಗಾಳಿಯಲ್ಲಿ ತೂಗಿಕೊಂಡೇ ಇತ್ತು.

"ಇದೊಂದನ್ನ ಮರೀಬೇಡ," ಎಂದ. "ಎಷ್ಟೇ ಅವಸರ ಇರಲಿ, ಮನುಷ್ಯರ ತಲೆ ಮೇಲೆ ಭಾರ ತಿರುಗಿಸಬಾರದು. ಅದನ್ನ ಮಾಡಿದೋನು ಮತ್ತೆ ಗ್ಲೌಸು ಹಾಕಬಾರದು."

*

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಸ್ಮಶಾನದಲ್ಲಿ ನಾಲ್ಕು ಗಂಟೆಗೆ ಸಮಯ ಕೊಟ್ಟಿದ್ದರು. ಅಣ್ಣ ಒಂದು ಕಿವಿಗೆ ಫೋನು ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಕುರ್ಚಿ ಎತ್ತಿಕೊಂಡು, ಗಾಡಿಯವನ ಮೇಲೂ ಅತ್ತಿಗೆಯ ಮೇಲೂ ಒಟ್ಟಿಗೇ ರೇಗುತ್ತಿದ್ದ. ಪಾಪ, ಅವನಿಗೂ ಅಪ್ಪ ಹೋಗಿದ್ದ. ಅಳುವುದಕ್ಕೆ ಪುರುಸೊತ್ತು ಸಿಗದೆ ಕೂಗುತ್ತಿದ್ದ.

"ಅಮ್ಮಾ, ಅಜ್ಜನ ಸ್ನೇಹಿತರು ಬಂದಿದ್ದಾರೆ, ಮೆಟ್ಟಿಲಲ್ಲಿ ಕೂತುಬಿಟ್ಟಿದ್ದಾರೆ," ಎಂದು ಮಗಳು ಬಂದು ಹೇಳಿದಳು. "ಅವರಿಗೆ ಒಂದೇ ಕಾಲು."

ಕಿರಿಯವಳಿಗೆ ಯಾರೆಂದು ಗೊತ್ತಾಯಿತು. ಒಂದು ಲೋಟ ನೀರು ತೆಗೆದುಕೊಂಡು ಇಳಿದಳು. ಈ ಒಬ್ಬ ಮನುಷ್ಯನ ಎದುರು ನಿಲ್ಲುವುದನ್ನು ಅವಳು ಮೂವತ್ತು ವರ್ಷ ತಪ್ಪಿಸಿಕೊಂಡು ಬಂದಿದ್ದಳು.

*

ಹನ್ನೊಂದನೇ ವಯಸ್ಸಿನ ಆ ಶನಿವಾರ ಗ್ಲೌಸು ಅವಳ ಕೈಯಲ್ಲಿತ್ತು.

"ನಾಳೆ ಎಲ್ಲರೂ ಕೆರೆಗೆ," ಎಂದು ಊಟದ ಹೊತ್ತಿಗೆ ಘೋಷಿಸಿದಳು. "ದೋಣೀಲಿ ಹೋಗೋದು. ಬುತ್ತಿ ಕಟ್ಟೋದು ಅಣ್ಣ."

"ಯಜಮಾನ್ರೇ, ನಾಳೆ ನನಗೆ ಡ್ಯೂಟಿ ಇದೆ. ಕೊಳವೆ ಹೊತ್ತ ಹಡಗು ಬಂದಿದೆ," ಎಂದ ಅಪ್ಪ.

"ರಜ ಹಾಕು."

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಅಪ್ಪನ ಮುಖ ನೋಡಿದಳು. ಇವಳು ಕಾದಳು. ಅಮ್ಮನ ಕೈ, ಅಣ್ಣನ ಕೈ, ಅಪ್ಪನ ಕೈ ಒಂದೊಂದಾಗಿ ನೋಡಿದಳು. ಯಾರೂ ಎರಡು ಕೈ ಚಾಚಲಿಲ್ಲ. ಅಪ್ಪ ನಕ್ಕು, "ಆಯ್ತು, ಅಪ್ಪಣೆ," ಎಂದು ಚಪ್ಪಲಿ ಮೆಟ್ಟಿ ಬಂದರಿಗೆ ಹೇಳಿ ಬರಲು ಹೊರಟ.

ಕೆರೆಯ ನೀರು ಆ ದಿನ ಕನ್ನಡಿಯ ಹಾಗಿತ್ತು. ಅಪ್ಪ ಪ್ಯಾಂಟು ಮೊಣಕಾಲಿಗೆ ಮಡಚಿ ಚಪ್ಪಟೆ ಕಲ್ಲು ಹುಡುಕಿ ನೀರಿನ ಮೇಲೆ ಹಾರಿಸಿದ. ಅವನ ಕಲ್ಲು ಏಳು ಸಲ ಕುಪ್ಪಳಿಸಿತು. ಅಮ್ಮ ದೋಣಿಯಲ್ಲಿ ಹೆದರಿ ಅಪ್ಪನ ತೋಳು ಹಿಡಿದು ಕಿರುಚಿದಳು. ಅದಕ್ಕಿಂತ ಒಳ್ಳೆಯ ದಿನ ಇವಳ ಬಾಳಿನಲ್ಲಿ ಆಮೇಲೆ ಬರಲಿಲ್ಲ.

ಸಂಜೆ ಮರಳಿದಾಗ ಕಟ್ಟಡದ ಬಾಗಿಲಲ್ಲಿ ಬಂದರಿನ ಮೇಸ್ತ್ರಿ ನಿಂತಿದ್ದ. ಅಪ್ಪನ ಕಿವಿಯಲ್ಲಿ ಏನೋ ಹೇಳಿದ. ಅಪ್ಪ ಕೈಯಲ್ಲಿದ್ದ ಬುತ್ತಿಯ ಡಬ್ಬಿಯನ್ನು ಇವಳ ಕೈಗೆ ಕೊಟ್ಟು ಹಾಗೇ ಹೋದ. ಅಪ್ಪನ ಜಾಗದಲ್ಲಿ ಸನ್ನೆ ಕೊಡಲು ಆ ದಿನ ಸರಪಳಿ ಮಾಮನನ್ನು ನಿಲ್ಲಿಸಿದ್ದರು. ಸರಕಿಗೆ ಸರಪಳಿ ಬಿಗಿಯುವುದು ಅವನ ಕೆಲಸ, ಅದಕ್ಕೇ ಮಕ್ಕಳು ಅವನಿಗೆ ಆ ಹೆಸರಿಟ್ಟಿದ್ದರು. ಬಿಗಿಯುವುದೂ ಅವನೇ, ಕೈ ಎತ್ತುವುದೂ ಅವನೇ. ಕೊಳವೆಗಳ ಕಟ್ಟು ತೂಗಿ ಬಂದು ಅವನ ಬಲಗಾಲನ್ನು ಮೊಣಕಾಲಿಂದ ಕೆಳಗೆ ಇಲ್ಲವಾಗಿಸಿತು.

ಬುಧವಾರ ಅಪ್ಪ ಎಲ್ಲಿಂದಲೋ ಬಂದು, ಯಾರ ಕಡೆಯೂ ನೋಡದೆ, ಮೊಳೆಯಿಂದ ಗ್ಲೌಸು ತೆಗೆದು ಒಳಗೆ ಹೋದ. ಮುಂದಿನ ವಾರ ಅದು ಯಾರ ಕೈಗೂ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ಸೋದರತ್ತೆ ಬಂದವಳು, "ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಅಂತಾರೆ. ಅಂಥದ್ರಲ್ಲಿ ಹನ್ನೊಂದು ವರ್ಷದ್ದರ ಮಾತು ಕೇಳಿದ್ನಲ್ಲ ನನ್ನ ತಮ್ಮ," ಎಂದಳು. ಅಪ್ಪ ಪಕ್ಕದಲ್ಲೇ ಇದ್ದ. ಅಲ್ಲ ಎನ್ನಲಿಲ್ಲ. ಆ ಹೊತ್ತಿನಿಂದ ಚಿನಕುರುಳಿ ಸುಮ್ಮನಾದಳು.

*

ಸರಪಳಿ ಮಾಮ ಮೂರನೇ ಮಹಡಿಯ ಮೇಲಿನ ತಿರುವಿನಲ್ಲೇ, ಸುಣ್ಣ ಕೆರೆದುಹೋದ ಗೋಡೆಗೆ ಒರಗಿ ಕೂತಿದ್ದ. ಊರುಗೋಲು ಪಕ್ಕದಲ್ಲಿತ್ತು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಮೇಲೆ ಬರೋದು ಬೇಡಾಗಿತ್ತು ಮಾಮ. ಹೇಗೂ ಕೆಳಗೆ ತರ್ತಾರೆ."

"ನನ್ನ ನೋಡೋಕೆ ಅವನು ಎಂಟು ತಿಂಗಳು ಆಸ್ಪತ್ರೆ ಮೆಟ್ಟಿಲು ಹತ್ತಿದ್ದಾನೆ. ನನಗೆ ನಾಲ್ಕು ಮಹಡಿ ಹೆಚ್ಚಾ?" ನೀರು ಕುಡಿದು ಲೋಟ ಕೆಳಗಿಟ್ಟ. "ಗ್ಲೌಸು ಎಲ್ಲಿದೆ ಮಗಳೇ?"

"ಅಮ್ಮನ ಹತ್ರ. ಜೊತೇಲಿ ಇಡೋದಾ ಬೇಡ್ವಾ ಅಂತ ಕೇಳ್ತಿದ್ಲು."

"ನೀನೇನಂದೆ?"

"ಅಣ್ಣನ್ನ ಕೇಳು ಅಂದೆ."

ಮಾಮ ಕಣ್ಣು ಮುಚ್ಚಿಕೊಂಡ. "ಇದೇ. ಇದನ್ನೇ ಹೇಳ್ಕೊಂಡು ಅಳ್ತಿದ್ದ ಅವನು."

ಕಿರಿಯವಳಿಗೆ ಇನ್ನು ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. "ಮಾಮ, ನಿಮ್ಮ ಕಾಲು ಹೋದದ್ದು ನನ್ನಿಂದ. ಒಂದು ದಿನಾನೂ ನಿಮ್ಮ ಹತ್ರ ಬಂದು ತಪ್ಪಾಯ್ತು ಅನ್ನಲಿಲ್ಲ ನಾನು. ಅಪ್ಪಂಗೂ ಅದು ಗೊತ್ತಿತ್ತು. ಅದಕ್ಕೇ ಗ್ಲೌಸು ಕಿತ್ಕೊಂಡ."

"ಥೂ ಹುಚ್ಚಿ!" ಎಂದ ಮಾಮ. "ಕಿತ್ಕೊಂಡಿದ್ದು ನಿನ್ನಿಂದ ಅಂತ ಯಾರು ಹೇಳಿದ್ದು? ಕೇಳು. ರಜ ಹಾಕೋಕೆ ಬಂದೋನಿಗೆ ನಾನೇ ಹೇಳ್ದೆ, ಹೋಗೋ ಮಾರಾಯ, ನಾನು ನೋಡ್ಕೋತೀನಿ ಅಂತ. ಒಬ್ಬನೇ ಎರಡು ಕೆಲಸ ಮಾಡಿದ್ದು ನನ್ನ ಧಿಮಾಕು. ನಿನ್ನ ಕೆರೆಗೂ ಅದಕ್ಕೂ ಏನು ಸಂಬಂಧ? ಅವನಿಗೂ ಕೆರೆಗೆ ಹೋಗೋ ಆಸೆ ಇತ್ತು, ಅದಕ್ಕೇ ಕೈ ಚಾಚಲಿಲ್ಲ. ಅಷ್ಟರ ತನಕ ಯಾರ ತಪ್ಪೂ ಇಲ್ಲ."

"ಮತ್ತೆ?"

"ಮಂಗಳವಾರ ವಿಚಾರಣೆ ಆಯ್ತು. ನೀನು ಯಾಕೆ ಕೆಲಸಕ್ಕೆ ಬರಲಿಲ್ಲ ಅಂತ ಸಾಹೇಬರು ಗದರಿಸಿದ್ರು. ಕೆಲಸ ಹೋಗುತ್ತೆ ಅಂತ ಹೆದರಿದ. ಹೆದರಿ, ನನ್ನ ಮಗಳು ಹೋಗಬೇಡ ಅಂದಳು ಸಾರ್ ಅಂದುಬಿಟ್ಟ. ಅವರು ಬರ್ಕೊಂಡ್ರು. ನಿನ್ನ ಹೆಸರು, ನಿನ್ನ ವಯಸ್ಸು, ಎಲ್ಲ. ಕೆಳಗೆ ಇವನು ಸಹಿ ಹಾಕಿ ಬಂದ."

ಮೇಲಿಂದ ಅಣ್ಣನ ಕೂಗು ಕೇಳಿಸಿತು. ಮಾಮ ಧ್ವನಿ ತಗ್ಗಿಸಿದ.

"ಮಾರನೇ ದಿನ ಬೆಳಿಗ್ಗೆ ಹೋಗಿ ಆ ಕಾಗದ ಹರಿದುಹಾಕಿ ಅಂತ ಕಾಲು ಹಿಡಿದ. ದಾಖಲಾಗಿದೆ, ಆಗಲ್ಲ ಅಂದ್ರು. ಅಲ್ಲಿಂದ ಸೀದಾ ನನ್ನ ಮಂಚದ ಹತ್ರ ಬಂದ. ನಾನು ಕಾಲು ಕಳ್ಕೊಂಡು ಮಲಗಿದ್ದೀನಿ, ಅಳ್ತಿರೋನು ಅವನು! ನನ್ನ ಮಗು ತಲೆ ಮೇಲೆ ಭಾರ ತಿರುಗಿಸಿಬಿಟ್ಟೆ ಕಣೋ ಅಂದ. ಇನ್ನು ಯಾವ ಮುಖ ಇಟ್ಕೊಂಡು ಅವಳಿಗೆ ಗ್ಲೌಸು ಕೊಡಲಿ, ಕೊಡೋ ಯೋಗ್ಯತೆ ನನಗಿಲ್ಲ ಅಂದ. ಯೋಗ್ಯತೆ ಇಲ್ಲದ್ದು ನಿಂಗಲ್ಲ ಮಗಳೇ. ಅವನಿಗೆ."

ಕಿರಿಯವಳು ಗೋಡೆ ನೋಡುತ್ತ ಕೂತಳು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಮೂವತ್ತು ವರ್ಷ ಅದೇ ಊಟದ ಮೇಜು, ಅದೇ ಬಾಲ್ಕನಿ, ಅದೇ ಅಪ್ಪ.

"ಒಂದು ಮಾತು ಹೇಳೋಕೆ ಏನಾಗಿತ್ತು ಅವನಿಗೆ?"

"ಹೇಳಬೇಕಾದ್ರೆ ಆ ಕಾಗದದ ವಿಷಯಾನೂ ಹೇಳಬೇಕಲ್ಲ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂದ. ಹೋದ ವರ್ಷ ನಿನ್ನ ಮಗಳ ಶಾಲೆ ವಿಷಯ ಆಯ್ತಲ್ಲ, ಆವತ್ತು ನನಗೆ ಫೋನ್ ಮಾಡಿ, ನನ್ನ ಭಾರ ಮೊಮ್ಮಗಳ ತನಕ ಹೋಯ್ತು ಅಂದ. ನಾನು ಹೇಳೋಕೆ ಆಗದಿದ್ರೆ ನೀನಾದ್ರೂ ಹೇಳೋ ಅಂದ." ಮಾಮ ಅಂಗೈಯಿಂದ ಮೂಗು ಒರೆಸಿಕೊಂಡ. "ಊರಿಗೆಲ್ಲ ಸನ್ನೆ ಮಾಡಿದೋನಿಗೆ ಮನೇಲಿ ಬಾಯಿ ಬರಲಿಲ್ಲ."

"ಚಿನಕುರುಳಿ!" ಮೇಲಿಂದ ಅಮ್ಮ ಕರೆದಳು. "ಮುಚ್ಚಳ ಹಾಕ್ತಾರಂತೆ. ನಿಮ್ಮಣ್ಣ ಫೋನು ಬಿಡ್ತಿಲ್ಲ. ಇದನ್ನ ಏನು ಮಾಡ್ಲೇ?"

ಕಿರಿಯವಳು ಎದ್ದು ಹತ್ತಿದಳು. ಪೆಟ್ಟಿಗೆಯ ಸುತ್ತ ಇದ್ದವರು ಸರಿದು ದಾರಿ ಬಿಟ್ಟರು. ಅಪ್ಪ ಹೊಸ ಅಂಗಿ ತೊಟ್ಟು ಮಲಗಿದ್ದ. ಯಾರೋ ಕ್ರಾಪು ತಪ್ಪು ಕಡೆಗೆ ಬಾಚಿದ್ದರು. ಅವಳು ಅದನ್ನು ಬೆರಳಿನಿಂದ ಸರಿ ಮಾಡಿದಳು. ಒಂದು ಕ್ಷಣ ಆ ಹೆಗಲು ಹಿಡಿದು ಅಲುಗಿಸಿ, ಈಗ ಹೇಳು, ಈಗಲಾದರೂ ಬಾಯಿಬಿಟ್ಟು ಹೇಳು ಎಂದು ಕೂಗಬೇಕೆನಿಸಿತು. ಆಮೇಲೆ ಅಮ್ಮನ ಕಡೆ ಕೈ ಚಾಚಿದಳು.

"ಕೊಡು. ಪಕ್ಕದಲ್ಲಿ ಇಡೋದು ಬೇಡ. ಕೈಗೇ ಹಾಕೋಣ."

ಬೆರಳುಗಳು ಬಗ್ಗಲಿಲ್ಲ. ಆದರೆ ಮುದಿ ಕೈ ಸಣ್ಣದಾಗಿತ್ತು, ಗ್ಲೌಸು ಮೆಲ್ಲಗೆ ಹೊಕ್ಕಿತು. ಅವಳು ಒಂದೊಂದೇ ಬೆರಳು ತುಂಬಿಸಿ, ಮಣಿಕಟ್ಟಿನ ತನಕ ಎಳೆದು, ಆ ಕೈಯನ್ನು ಅವನ ಎದೆಯ ಮೇಲೆ ಇಟ್ಟಳು. 

ಮುಚ್ಚಳ ಬಿದ್ದಿತು. ತಿರುವಿನಲ್ಲಿ ಕೂತ ಮಾಮನನ್ನು ಎಬ್ಬಿಸಿ ದಾರಿ ಬಿಡಿಸಬೇಕಿತ್ತು. ಅವಳು ಮುಂದೆ ಇಳಿದು, ಅವನ ಕಂಕುಳಿಗೆ ಹೆಗಲು ಕೊಟ್ಟು, ತಿರುವಿನಿಂದ ಆರು ಮೆಟ್ಟಿಲು ಕೆಳಗೆ ತಂದು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಅಷ್ಟರಲ್ಲಿ ಪೆಟ್ಟಿಗೆ ಬಂತು. ಮುಂದೆ ಅಪ್ಪನ ಕೈಕೆಳಗೆ ಕಲಿತ ಇಬ್ಬರು ಬಂದರಿನವರು, ನಡುವೆ ಅವಳ ಗಂಡ ಮತ್ತು ಕೆಳಮನೆಯವರೊಬ್ಬರು, ಹಿಂದೆ ಅಣ್ಣ ಮತ್ತು ಪಕ್ಕದ ಮನೆಯವರೊಬ್ಬರು.

ತಿರುವಿನಲ್ಲಿ ಮುಂದಿನವರ ಬೆನ್ನು ಗೋಡೆಗೆ ತಾಗಿತು. ಪೆಟ್ಟಿಗೆಯ ಹಿಂದಿನ ಅರ್ಧ ಇನ್ನೂ ಮೇಲಿನ ಮೆಟ್ಟಿಲುಗಳ ಮೇಲೇ ಇತ್ತು.

"ತಳ್ಳಿ, ತಳ್ಳಿ!" ಎಂದ ಅಣ್ಣ.

"ಎಲ್ಲಿಗ್ರೀ ತಳ್ಳೋದು, ಗೋಡೆ ಇದೆ!"

"ನಿಲ್ಲಿಸ್ಬಿಡೋಣ ಸ್ವಲ್ಪ ನೆಟ್ಟಗೆ."

"ಬೇಡ, ಬೇಡ! ವಾಪಸ್ಸು ಎಳೀರಿ!"

"ಎತ್ತು ಏರಿಗೆ, ಕೋಣ ನೀರಿಗೆ," ಎಂದು ಸೋದರತ್ತೆ ಮೇಲಿಂದ ಅಳುತ್ತಲೇ ಬೈದಳು. "ನನ್ನ ತಮ್ಮನ್ನ ಬೀಳಿಸಿಬಿಡ್ತೀರಲ್ರೋ!"

ಹಿಂದಿನವರು ತಳ್ಳಿದರು, ನಡುವಿನವರು ಎಳೆದರು. ಪೆಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಒಳಗೆ ಏನೋ ಜರುಗಿ, ಧಪ್ಪೆಂದು ಹಲಗೆಗೆ ಬಡಿಯಿತು. ಅಮ್ಮ ಚೀರಿದಳು.

ಕಿರಿಯವಳು ತಲೆಯೆತ್ತಿ ನೋಡಿದಳು. ತಾನು ನಿಂತ ಮೆಟ್ಟಿಲಿನಿಂದ, ಮೆಟ್ಟಿಲಂಚಿನ ಕಂಬಿಯ ಸಂದಿಯಲ್ಲಿ, ಬಂದರಿನವರ ಮುಖವೂ ಕಾಣುತ್ತಿತ್ತು, ಮೇಲೆ ಅಣ್ಣನ ಬೆವರಿದ ಮುಖವೂ ಕಾಣುತ್ತಿತ್ತು. ಅವರಿಗೆ ಪರಸ್ಪರ ಕಾಣುತ್ತಿರಲಿಲ್ಲ.

ಅವಳು ಎರಡೂ ಕೈ ಅಗಲಕ್ಕೆ ಚಾಚಿದಳು.

ಬಂದರಿನವರಿಬ್ಬರೂ ಕಲ್ಲಾದರು. ಅದು ಅವರ ಮೈಯಲ್ಲೇ ಇತ್ತು. ಯಾರ ಕೈ ಎಂದು ನೋಡಲಿಲ್ಲ. "ನೀನ್ಯಾಕೆ ಅಲ್ಲಿ..." ಎಂದು ಶುರು ಮಾಡಿದ ಅಣ್ಣ, ಚಾಚಿದ ಕೈಗಳನ್ನು ನೋಡಿ, ಮಾತನ್ನು ಅಲ್ಲೇ ನುಂಗಿಕೊಂಡ. ಹದಿನಾಲ್ಕು ವರ್ಷದ ಹುಡುಗನ ಮುಖ ಅವನಿಗೆ ಒಂದು ಗಳಿಗೆ ಮರಳಿ ಬಂದ ಹಾಗಿತ್ತು. 

ಅವಳು ತೋರುಬೆರಳು ಮೇಲೆ ಮಾಡಿ ಸುತ್ತಿಸಿದಳು, ಅದರ ಮೇಲೆ ಇನ್ನೊಂದು ಅಂಗೈ ಹಿಡಿದಳು. ನಿಧಾನ. ಬಂದರಿನವರು ಎತ್ತಿದರು, ಅಣ್ಣ ಎತ್ತಿದ, ಅವರನ್ನು ನೋಡಿ ಉಳಿದವರೂ ಎತ್ತಿದರು. ಪೆಟ್ಟಿಗೆ ಸಮನಾಗಿ ಎದೆಯ ಮಟ್ಟಕ್ಕೆ, ಹೆಗಲ ಮಟ್ಟಕ್ಕೆ, ಕಂಬಿಗಿಂತ ಒಂದು ಗೇಣು ಮೇಲಕ್ಕೆ ಬಂತು. ಇನ್ನು ಹಿಂದಿನ ತುದಿಯನ್ನು ಕಂಬಿಯ ಮೇಲಿಂದ ಈಚೆಗೆ ತಿರುಗಿಸಿದರೆ ಆಯಿತು. ಅವಳು ಒಂದು ತೋಳು ಚಾಚಲು ಹೋದವಳು, ತಡೆದು ನಿಂತಳು.

ಕಂಬಿಯ ಈಚೆ, ಭಾರ ತಿರುಗಬೇಕಾದ ಜಾಗದ ಸರಿಯಾಗಿ ಕೆಳಗೆ, ಅವಳ ಮಗಳು ನಿಂತಿದ್ದಳು. ಯಾವಾಗ ನುಸುಳಿ ಇಳಿದಿದ್ದಳೋ. ಬಾಯಿ ತೆರೆದು ಅಮ್ಮನ ಕೈಗಳನ್ನೇ ನೋಡುತ್ತಿದ್ದಳು.

ಎರಡೂ ಕೈ ಮತ್ತೆ ಅಗಲಕ್ಕೆ ಹೋದವು. ಆರು ಜನರ ತೋಳು ನಡುಗುತ್ತಿತ್ತು. "ಬೇಗ," ಎಂದು ಯಾರೋ ಉಸಿರುಗಟ್ಟಿ ಹೇಳಿದರು. ಅವಳು ಅವಸರ ಮಾಡಲಿಲ್ಲ. ಮಗಳಿಗೆ ಬೆರಳು ತೋರಿ ತನ್ನ ಬೆನ್ನ ಹಿಂದಕ್ಕೆ ಕರೆದಳು. ಮಗಳು ಒಂದೊಂದೇ ಮೆಟ್ಟಿಲು ಇಳಿದು ಬಂದು ಮಾಮನ ಪಕ್ಕ ನಿಂತಳು. ಅವಳು ಬಂದಳೆಂದು ತಿರುಗಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಕಿರಿಯವಳು ತೋಳು ಚಾಚಿ, ಮೆಲ್ಲಗೆ ಬಲದಿಂದ ಎಡಕ್ಕೆ ತಂದಳು.

ಅಪ್ಪ ಖಾಲಿ ಜಾಗದ ಮೇಲೆ ತಿರುಗಿದ. ಎಲ್ಲಿಯೂ ತಾಗಲಿಲ್ಲ.

ಮೂರನೇ ಮಹಡಿ, ಎರಡನೆಯದು, ಒಂದನೆಯದು. ಪ್ರತಿ ತಿರುವಿನಲ್ಲೂ ಅವಳು ಎರಡೂ ತುದಿಗೆ ಕಾಣುವ ಮೆಟ್ಟಿಲು ಹುಡುಕಿ ನಿಂತಳು, ಬೆರಳು ಕೆಳಗೆ ಮಾಡಿ ಸುತ್ತಿಸಿದಳು. ಒಬ್ಬರೂ ಕೂಗಲಿಲ್ಲ. ಮಾಮನ ಊರುಗೋಲಿನ ಟಕ್ ಟಕ್ ಒಂದೇ ಹಿಂದೆ ಬರುತ್ತಿತ್ತು.

ಬೀದಿಯಲ್ಲಿ ಗಾಡಿಯ ಹಿಂಬಾಗಿಲು ತೆರೆದಿತ್ತು. ಪೆಟ್ಟಿಗೆ ಒಳಗೆ ಜಾರಿ ಹಲಗೆಯ ಮೇಲೆ ಕೂತಿತು. ಡ್ರೈವರು ಬಾಗಿಲು ಹಾಕಲು ಬಂದವನು, ಹೊತ್ತವರಲ್ಲಿ ಒಬ್ಬರೂ ಕೈ ತೆಗೆಯದ್ದನ್ನು ಕಂಡು ನಿಂತ.

"ಆಯ್ತಲ್ಲ, ಬಿಡಿ ಸ್ವಾಮಿ," ಎಂದ.

ಬಂದರಿನವರು ಅಲ್ಲಾಡಲಿಲ್ಲ. ಅಣ್ಣನೂ ಅಲ್ಲಾಡಲಿಲ್ಲ, ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಆರೂ ಜನ ಪೆಟ್ಟಿಗೆಗೆ ಕೈಯಿಟ್ಟುಕೊಂಡು ಅವಳ ಕಡೆ ನೋಡುತ್ತಿದ್ದರು. ಬೀದಿಯ ನಡುವೆ, ನೀರಿನ ತೊಟ್ಟಿಯ ಕಟ್ಟೆಯ ಹತ್ತಿರ, ಅವಳು ನಿಂತಿದ್ದಳು. ಕೆಲಸ ಮುಗಿಯಿತೆಂದು ಬೆಸೆಯಲು ಎರಡು ಕೈಗಳನ್ನೂ ಹೊಟ್ಟೆಯ ಮುಂದಕ್ಕೆ ತಂದಿದ್ದಳು. ಅವುಗಳ ನಡುವೆ ಇನ್ನೂ ಒಂದು ಗೇಣು ಜಾಗ ಇತ್ತು. ಅವಳು ಅವನ್ನು ಕೂಡಿಸುತ್ತಿರಲಿಲ್ಲ.